ರಸ್ತೆ ತಡೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಉಳಿಸಿದ ನನ್ನ ಅನುಭವ

‘ಸೈರನ್ ಕೇಳಿದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ’ ಎಂಬುದು ರಸ್ತೆ ತಡೆ ನಡೆಸುವವರ ಹಳೆಯ ನಂಬಿಕೆ. ಆಂಬುಲೆನ್ಸ್‌ಗೆಂದು ಒಂದು ಪಟ್ಟಿಯನ್ನು ಮೊದಲಿನಿಂದಲೇ ಖಾಲಿ ಉಳಿಸುವ ನನ್ನ ಪದ್ಧತಿಯನ್ನು ಸಂಘಟಕರ ಸಭೆಯಲ್ಲಿ ಮುಂದಿಟ್ಟಾಗ ಹಿರಿಯರು ಇದನ್ನೇ ಹೇಳಿ, 2019ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನ ಜನಸಾಗರ ಆಂಬುಲೆನ್ಸ್‌ಗಾಗಿ ಇಬ್ಭಾಗವಾದುದನ್ನು ಉದಾಹರಿಸಿ, ಪ್ರಸ್ತಾವವನ್ನು ತಳ್ಳಿಹಾಕಿದರು. ಆ ಘಟನೆ ನಿಜವೇ; ಆದರೆ ಅಲ್ಲಿದ್ದವರು ನಡೆದು ಬಂದವರು, ಸರಿಯಬಲ್ಲವರು. ಧರಣಿಯ ಹಿಂದೆ ಒಂದಕ್ಕೊಂದು ತಾಗಿದಂತೆ ನಿಂತ ಲಾರಿ, ಬಸ್ಸುಗಳು ಎಲ್ಲಿಗೆ ಸರಿಯಬೇಕು? ಆಂಬುಲೆನ್ಸ್ ಸಿಕ್ಕಿಬೀಳುವುದು ಕುಳಿತ ಜನರ ನಡುವೆ ಅಲ್ಲ, ಅವರಿಂದ ಬಹುದೂರ ಹಿಂದೆ, ನಿಂತ ವಾಹನಗಳ ಸಾಲಿನಲ್ಲಿ. ಬರ್ಲಿನ್‌ನಲ್ಲಿ 2022ರ ಅಕ್ಟೋಬರ್ 31ರಂದು ಲಾರಿಯಡಿ ಸಿಲುಕಿದ ಸೈಕಲ್ ಸವಾರೆಯ ಬಳಿಗೆ ಹೊರಟಿದ್ದ ವಿಶೇಷ ರಕ್ಷಣಾ ವಾಹನವೂ ತಡವಾದದ್ದು ಬೇರೊಂದು ರಸ್ತೆಯ ಪ್ರತಿಭಟನೆಯಿಂದ ಉಂಟಾದ ದಟ್ಟಣೆಯಲ್ಲಿಯೇ.

ಮೊದಮೊದಲು ನಾವು ನಂಬಿದ್ದು ವಾಕಿಟಾಕಿಗಳನ್ನು. ಸಂಗ್ರಹವಾದ ಹಣದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅವುಗಳ ಬಾಡಿಗೆಗೇ ಹೋಯಿತು. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ಮಾತನಾಡಿದ್ದರಿಂದ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಮೊಬೈಲ್ ಜಾಲವಂತೂ ಜನ ಸೇರಿದಷ್ಟೂ ಕುಸಿಯುತ್ತದೆ. ಸೀಟಿ ಊದಿದರೆ ಪೊಲೀಸರು ಬಂದರೆಂದು ಜನ ಎದ್ದು ಚದುರಿದರು. ಕುಳಿತವರನ್ನು ಎಬ್ಬಿಸಿ ದಾರಿ ಮಾಡಲು ಎಷ್ಟೇ ಅವಸರಪಟ್ಟರೂ ಮೂರು ನಿಮಿಷದ ಆಸುಪಾಸು ಹಿಡಿಯುತ್ತಿತ್ತು. ಹೃದಯ ಸ್ತಂಭನವಾದವರಿಗೆ ಎದೆ ಒತ್ತುವ ಚಿಕಿತ್ಸೆಯೂ ಸಿಗದಿದ್ದರೆ, ಶಾಕ್ ಕೊಡುವುದು ತಡವಾಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ ಎಂಬುದನ್ನು ನೆನೆದರೆ ಆ ಮೂರು ನಿಮಿಷ ಸಣ್ಣದಲ್ಲ.

ಜರ್ಮನಿಯ ಸಂಚಾರ ನಿಯಮವೊಂದು ನನಗೆ ದಾರಿ ತೋರಿಸಿತು. ಅಲ್ಲಿನ ಹೆದ್ದಾರಿಗಳಲ್ಲಿ ಸೈರನ್ ಕೇಳಿದ ಮೇಲಲ್ಲ, ವಾಹನಗಳ ವೇಗ ನಡಿಗೆಯಷ್ಟಕ್ಕೆ ಇಳಿದೊಡನೆಯೇ ಎಡತುದಿಯ ಸಾಲು ಎಡಕ್ಕೂ ಉಳಿದವು ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ಅದರಂತೆ ನಾವು ದಾರಿಯನ್ನು ತೆರೆಯುವ ಯೋಚನೆಯನ್ನೇ ಬಿಟ್ಟು, ಮೊದಲಿನಿಂದಲೂ ಮುಚ್ಚದೆ ಉಳಿಸಿದೆವು. ಸುಮಾರು ನಾಲ್ಕು ಮೀಟರ್ ಅಗಲದ ಪಟ್ಟಿಯನ್ನು ಸುಣ್ಣದಿಂದ ಗುರುತಿಸಿ, ಅದರೊಳಗೆ ಕೂರುವುದಿರಲಿ, ಬ್ಯಾನರ್ ಇಡುವುದನ್ನೂ ನಿಷೇಧಿಸಿದೆವು. ಆಂಬುಲೆನ್ಸ್‌ಗೆ ಮೂರು ಮೀಟರ್ ಸಾಕು. ಅಗ್ನಿಶಾಮಕ ವಾಹನದ ಅಗಲವೇ ಎರಡೂವರೆ ಮೀಟರ್‌ನಷ್ಟಿರುವುದರಿಂದ ಕನ್ನಡಿಗಳಿಗೂ ತಿರುವಿಗೂ ಹೆಚ್ಚಿನ ಜಾಗ ಬೇಕು.

ಇದಕ್ಕಿಂತ ಮುಖ್ಯವಾದುದು ಹಿಂದಿನ ಕೆಲಸ. ನಮ್ಮ ಅತ್ಯಂತ ಗಟ್ಟಿ ಸ್ವಯಂಸೇವಕರು ವೇದಿಕೆಯ ಬಳಿ ಇರಲಿಲ್ಲ. ಧರಣಿಗೆ ಮೊದಲು ಸಿಗುವ ಕೊನೆಯ ಕವಲಿನಲ್ಲಿ ನಿಂತು, ಬರುವ ವಾಹನಗಳನ್ನು ಅಲ್ಲಿಂದಲೇ ಅಡ್ಡರಸ್ತೆಗೆ ತಿರುಗಿಸುತ್ತಿದ್ದರು. ಆ ಕವಲಿಗೂ ಧರಣಿಗೂ ನಡುವೆ ವಾಹನಗಳ ಸಾಲೇ ಬೆಳೆಯದಿದ್ದರೆ ಅರ್ಧಕ್ಕಿಂತ ಹೆಚ್ಚು ಸಮಸ್ಯೆ ಅಲ್ಲಿಗೇ ಮುಗಿಯಿತು. ಆಂಬುಲೆನ್ಸ್ ನಿಯಂತ್ರಣ ಕೊಠಡಿಗೆ ಜಾಗ, ಸಮಯ, ತೆರೆದಿರುವ ಪಟ್ಟಿ ಯಾವ ಬದಿಯದು ಎಂಬುದನ್ನು ಮುಂಚಿತವಾಗಿ ತಿಳಿಸಿದೆವು. ಗುಟ್ಟು ಹೊರಬೀಳುತ್ತದೆಂದು ಕೆಲವರು ಮುನಿಸಿಕೊಂಡರು. ಬಿದ್ದರೆ ಬೀಳಲಿ ಎಂದು ನಾನು ಪಟ್ಟು ಹಿಡಿದೆ. ಸಂಕೇತಕ್ಕೆ ವಾಕಿಟಾಕಿಯ ಬದಲು ತಲೆಯ ಮೇಲೆ ಅಡ್ಡಡ್ಡ ಹಿಡಿದ ಎರಡು ಕೈಗಳು: ಒಬ್ಬರನ್ನು ನೋಡಿ ಇನ್ನೊಬ್ಬರು ಎತ್ತುತ್ತಾ ಹೋದರೆ ಅದು ಅರ್ಧ ನಿಮಿಷದೊಳಗೆ ಮುಂದಿನ ಸಾಲನ್ನು ತಲುಪುತ್ತದೆ. ಖರ್ಚು ಸುಣ್ಣದ್ದು ಮಾತ್ರ.

ನಡುವೆ ಧ್ವನಿವರ್ಧಕದಲ್ಲಿ ಸೈರನ್ ನುಡಿಸಿ ಅಭ್ಯಾಸ ಮಾಡಿಸುವ ಪ್ರಯೋಗವನ್ನೂ ನಡೆಸಿದ್ದುಂಟು. ಎರಡು ಮೂರು ಸಲದ ಬಳಿಕ ಜನ ನಿಜವಾದ ಸೈರನ್‌ಗೂ ತಲೆ ಎತ್ತದಂತಾದುದರಿಂದ ಅದನ್ನು ಕೂಡಲೇ ನಿಲ್ಲಿಸಿದೆವು.

ಸೈರನ್ ಇಲ್ಲದೆ ಖಾಸಗಿ ಕಾರಿನಲ್ಲಿ ಬರುವ ರೋಗಿಗಳದ್ದು ಬೇರೆಯೇ ಕಥೆ. ತುರ್ತು ನಿಜವೋ ನೆಪವೋ ಎಂದು ಕವಲಿನಲ್ಲಿ ನಿಂತವರು ಗುರುತಿಸಲು ಒಂದು ಉಪಾಯವಿದೆ. ಬರೆದರೆ ನಾಳೆಯೇ ಕೆಡುವುದರಿಂದ ಅದು ನನ್ನಲ್ಲೇ ಇರಲಿ. ಅನುಮಾನ ಉಳಿದರೆ ಬಿಟ್ಟುಬಿಡುವುದು ನಮ್ಮ ಕ್ರಮ.

ಇತ್ತೀಚಿನ ಧರಣಿಯಲ್ಲಿ ಏಳೆಂಟು ತುರ್ತು ವಾಹನಗಳು ವೇಗ ತಗ್ಗಿಸಿದವೇ ಹೊರತು ಒಂದೂ ನಿಲ್ಲಲಿಲ್ಲ. ಆಗ ನಕ್ಕಿದ್ದವರೇ ಈಗ ಪಟ್ಟಿ ಎಳೆಯಲು ನನ್ನನ್ನು ಕರೆಯುತ್ತಾರೆ. ಅವರಿಗೆ ಹೇಳುವುದಿಷ್ಟೆ: ಒಳಹೋದ ಆಂಬುಲೆನ್ಸ್ ರೋಗಿಯೊಂದಿಗೆ ಅದೇ ದಾರಿಯಲ್ಲಿ ಮರಳುತ್ತದೆ, ಆದ್ದರಿಂದ ಅದು ದಾಟಿದೊಡನೆ ಪಟ್ಟಿ ತುಂಬಿಕೊಳ್ಳಬಾರದು, ಧರಣಿ ಮುಗಿದು ಜನ ಏಳುವಾಗ ಪಟ್ಟಿಗೆ ನುಗ್ಗುವವರೇ ಹೆಚ್ಚಾದುದರಿಂದ, ಹಿಂದಿನ ಕವಲು ತೆರೆದು ವಾಹನ ಸಂಚಾರ ಸರಾಗವಾಗುವವರೆಗೆ ಅದರ ಕಾವಲಿನವರು ಕದಲಬಾರದು.