ಕಣ್ಮರೆಯಾದ ಫುಟ್‌ಬಾಲ್ ಮೈದಾನದ ಚರಿತ್ರೆ ಕಟ್ಟುವುದು ಹೇಗೆ: ಏರ್ಸಮ್ ಪಾರ್ಕ್ ಮಾದರಿ

ಕ್ಲಬ್ಬಿನ ಗೆಲುವು ಸೋಲುಗಳಿಂದ ಶುರು ಮಾಡಿದರೆ ತಂಡದ ಚರಿತ್ರೆ ಸಿಗುತ್ತದೆ, ಮೈದಾನದ್ದಲ್ಲ. ಮೈದಾನವೆಂದರೆ ಮೊದಲು ಒಂದು ತುಂಡು ಜಾಗ. ಹುಡುಕಾಟವೂ ಆ ಜಾಗದಿಂದಲೇ ಆರಂಭವಾಗಬೇಕು. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್ 1903ರಿಂದ 1995ರವರೆಗೆ ಆಡಿದ ಏರ್ಸಮ್ ಪಾರ್ಕ್. ಈಗ ಅಲ್ಲಿ ಮನೆಗಳಿವೆ.

ಮೊದಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೆಯ ನಕ್ಷೆಗಳನ್ನು ತೆರೆಯಿರಿ. ಇಂಗ್ಲೆಂಡಿನ ನಕ್ಷೆಗಳೂ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಳೆಯ ನಕ್ಷೆಯನ್ನೂ ಇಂದಿನ ಉಪಗ್ರಹ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. 1:2500 ಅಳತೆಯ ಹಾಳೆಯನ್ನೇ ಆರಿಸಿ. ಅದರಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 2.5 ಮೀಟರ್; 100 ಮೀಟರ್ ಉದ್ದದ ಆಟದಂಗಳ 40 ಮಿಲಿಮೀಟರ್ ಬರುತ್ತದೆ, ಸ್ಟ್ಯಾಂಡುಗಳ ಗೋಡೆಗೆರೆ ಬಿಡಿಬಿಡಿಯಾಗಿ ಕಾಣುತ್ತದೆ. 1:10560 ಹಾಳೆಯಲ್ಲಿ ಅದೇ ಅಂಗಳ ಒಂದು ಸೆಂಟಿಮೀಟರ್‌ಗೂ ಕಡಿಮೆ. ಪರದೆಯ ಮೇಲೆ ಅಳೆಯುವಾಗ ಮಾತ್ರ ನಕ್ಷೆಯ ಜೊತೆಗಿರುವ ಅಳತೆಪಟ್ಟಿಯನ್ನೇ ನಂಬಿ. ಚಿತ್ರವನ್ನು ಹಿಗ್ಗಿಸಿದರೆ ಈ ಮಿಲಿಮೀಟರ್ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ. ಹಾಳೆಯ ಮೇಲೆ ಪ್ರಕಟಣೆಯ ವರ್ಷ, ಪರಿಷ್ಕರಣೆಯ ವರ್ಷ ಎರಡೂ ಇರುತ್ತವೆ. ನಿಮಗೆ ಬೇಕಾದ್ದು ಪರಿಷ್ಕರಣೆಯ ವರ್ಷ, ಏಕೆಂದರೆ ಭೂಮಾಪಕರು ಜಾಗ ನೋಡಿದ್ದು ಆಗ. ಎರಡನೆಯ ತಪ್ಪು, ನಕ್ಷೆಯಲ್ಲಿ ‘ಫುಟ್‌ಬಾಲ್ ಗ್ರೌಂಡ್’ ಎಂದಷ್ಟೇ ಇದ್ದದ್ದನ್ನು ನಮ್ಮ ಮೈದಾನವೇ ಎಂದುಕೊಳ್ಳುವುದು. ಏರ್ಸಮ್ ಪಾರ್ಕಿನ ಮಗ್ಗುಲಲ್ಲೇ ಐರನೋಪೊಲಿಸ್ ಎಂಬ ಕ್ಲಬ್ಬಿನ ಪ್ಯಾರಡೈಸ್ ಗ್ರೌಂಡ್ ಇತ್ತು. ಆ ಕ್ಲಬ್ 1894ರಲ್ಲೇ ಮುಚ್ಚಿಹೋಯಿತು. ಹಾಗಾಗಿ 1903ಕ್ಕೆ ಮುಂಚಿನ ಹಾಳೆಯಲ್ಲಿ ಮೈದಾನ ಕಂಡರೆ ಅವಸರಪಡಬೇಡಿ.

ಆಮೇಲೆ ಕಟ್ಟಡಗಳು. ಏರ್ಸಮ್ ಪಾರ್ಕನ್ನು ವಿನ್ಯಾಸ ಮಾಡಿದವರು ಗ್ಲಾಸ್ಗೋದ ಆರ್ಚಿಬಾಲ್ಡ್ ಲೀಚ್. ಅವರ ಕೆಲಸ ಹಲವು ಊರುಗಳಲ್ಲಿದ್ದುದರಿಂದ ಹೋಲಿಸಿ ನೋಡಲು ಅನುಕೂಲ. ಸ್ಥಳೀಯ ದಾಖಲೆಗಳಿಗೆ ಟೀಸೈಡ್ ಆರ್ಕೈವ್ಸ್‌ನಲ್ಲಿ ಹುಡುಕಿ. ಮೈದಾನದ ಹೆಸರಿನಿಂದ ಏನೂ ಸಿಗದಿದ್ದರೆ ಬೀದಿಯ ಹೆಸರಿನಿಂದ ಕೇಳಿ. ಕ್ರೀಡಾಂಗಣ ಸುರಕ್ಷತಾ ಕಾಯ್ದೆ ಬಂದದ್ದು 1975ರಲ್ಲಿ. ಅದರಡಿ ದೊಡ್ಡ ಮೈದಾನಗಳಿಗೆ ಸ್ಥಳೀಯ ಆಡಳಿತದ ಪ್ರಮಾಣಪತ್ರ ಬೇಕಾಯಿತು. ಯಾವ ಭಾಗದಲ್ಲಿ ಎಷ್ಟು ಜನ ನಿಲ್ಲಬಹುದು ಎಂಬ ಮಾಹಿತಿ ಆ ಕಡತಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. 1919ರಿಂದ 1953ರವರೆಗಿನ ಏರೋಫಿಲ್ಮ್ಸ್ ಕಂಪನಿಯ ವೈಮಾನಿಕ ಚಿತ್ರಗಳು ಬ್ರಿಟನ್ ಫ್ರಮ್ ಅಬವ್ ಜಾಲತಾಣದಲ್ಲಿವೆ. ಚಾವಣಿ ಯಾವಾಗ ಬಂತು, ಯಾವಾಗ ಹೋಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

‘ಮೊದಲ ಪಂದ್ಯ’, ‘ಕೊನೆಯ ಪಂದ್ಯ’ ಎಂದು ಬರೆಯುವ ಮುನ್ನ ಯಾವ ಬಗೆಯ ಪಂದ್ಯ ಎಂದು ಕೇಳಿಕೊಳ್ಳಿ. ಏರ್ಸಮ್ ಪಾರ್ಕ್ ಸೆಲ್ಟಿಕ್ ವಿರುದ್ಧದ ಸ್ನೇಹಪಂದ್ಯದೊಂದಿಗೆ ತೆರೆಯಿತು. ಮೊದಲ ಲೀಗ್ ಪಂದ್ಯ 1903ರ ಸೆಪ್ಟೆಂಬರ್ 12ರಂದು ಸಂಡರ್‌ಲ್ಯಾಂಡ್ ವಿರುದ್ಧ. ಕೊನೆಯ ಲೀಗ್ ಪಂದ್ಯ 1995ರ ಏಪ್ರಿಲ್ 30ರಂದು ಲೂಟನ್ ವಿರುದ್ಧ ನಡೆಯಿತು, ಅದರ ನಂತರವೂ ಆಟಗಾರರೊಬ್ಬರ ಗೌರವಾರ್ಥ ಪಂದ್ಯವೊಂದಿತ್ತು. ಬೇರೆಯವರು ಆಡಿದ ಪಂದ್ಯಗಳನ್ನು ಬಿಡಲೇಬಾರದು. ಈ ಮೈದಾನದ ಅತ್ಯಂತ ಪ್ರಸಿದ್ಧ ಗೋಲು ಮಿಡಲ್ಸ್‌ಬರೋದ್ದೇ ಅಲ್ಲ: 1966ರ ಜುಲೈ 19ರಂದು ವಿಶ್ವಕಪ್‌ನಲ್ಲಿ ಇಟಲಿಯನ್ನು ಉತ್ತರ ಕೊರಿಯಾ 1-0ರಿಂದ ಸೋಲಿಸಿದಾಗ ಪಾಕ್ ಡೂ-ಇಕ್ ಹೊಡೆದದ್ದು.

ಪ್ರೇಕ್ಷಕರ ಸಂಖ್ಯೆಯಲ್ಲಿ ಎಚ್ಚರ ಹೆಚ್ಚು ಬೇಕು. ಲೀಗ್ ಅಧಿಕೃತ ಲೆಕ್ಕ ಇಡತೊಡಗಿದ್ದು 1925ರಿಂದ. ಅದಕ್ಕೂ ಹಿಂದಿನ ‘30,000’ದಂಥ ದುಂಡು ಸಂಖ್ಯೆ ಬಹುತೇಕ ವರದಿಗಾರರ ಕಣ್ಣಂದಾಜು. ಪತ್ರಿಕೆ ಟಿಕೆಟ್ ಹಣವನ್ನು ಕೊಟ್ಟಿದ್ದರೆ ತಾಳೆ ನೋಡಬಹುದು. ಮೊದಲ ಮಹಾಯುದ್ಧಕ್ಕೆ ಮುಂಚೆ ವಯಸ್ಕರ ಕನಿಷ್ಠ ಪ್ರವೇಶದರ 6 ಪೆನ್ಸ್. 240 ಪೆನ್ಸ್‌ಗೆ ಒಂದು ಪೌಂಡ್, ಅಂದರೆ ಒಂದು ಪೌಂಡಿಗೆ 40 ಜನ. 500 ಪೌಂಡ್ ಬಂದಿದ್ದರೆ ಸುಮಾರು 20,000. ಕುಳಿತು ನೋಡುವವರು ಹೆಚ್ಚು ಕೊಟ್ಟಿದ್ದರೆ ಜನ ಇದಕ್ಕಿಂತ ಕಡಿಮೆ. ಹುಡುಗರ ಅರ್ಧ ಟಿಕೆಟ್ಟು, ಸೀಸನ್ ಟಿಕೆಟ್ಟು ಸೇರಿದರೆ ಹೆಚ್ಚು. ಆದ್ದರಿಂದ ಇದನ್ನು ಅಂದಾಜೆಂದೇ ಬರೆಯಿರಿ. 1949ರ ಡಿಸೆಂಬರ್ 27ರಂದು ನ್ಯೂಕಾಸಲ್ ವಿರುದ್ಧದ 53,802 ಅಧಿಕೃತ ಲೆಕ್ಕದ ಕಾಲದ್ದು. ಅಂಥ ಅಧಿಕೃತ ಸಂಖ್ಯೆಯನ್ನೂ ಅಂದಾಜನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಕೊನೆಗೆ ಜಾಗಕ್ಕೆ ಹೋಗಿ, ನಕ್ಷೆಯ ಪ್ರತಿ ಕೈಯಲ್ಲಿರಲಿ. ‘ದಿ ಟರ್ನ್‌ಸ್ಟೈಲ್’, ‘ದಿ ಮಿಡ್‌ಫೀಲ್ಡ್’ ಎಂಬ ಬೀದಿ ಹೆಸರುಗಳು ಹಳೆಯ ಮೈದಾನವನ್ನು ನೆನಪಿಸುತ್ತವೆ. ಹಳೆಯ ಗೇಟು ಕ್ಲಬ್ಬಿನ ಈಗಿನ ಮೈದಾನವಾದ ರಿವರ್‌ಸೈಡ್ ಕ್ರೀಡಾಂಗಣದ ಮುಂದಿದೆ, ಮೂಲ ಜಾಗದಲ್ಲಲ್ಲ. ಪಾಕ್ ಗೋಲು ಹೊಡೆದ ಜಾಗವನ್ನು ಕಲಾವಿದ ನೆವಿಲ್ ಗೇಬಿ ಬೂಟಿನ ಮುಳ್ಳುಗಳ ಕಂಚಿನ ಗುರುತಿನಿಂದ ತೋರಿಸಿದ್ದಾರೆ. ಅದನ್ನು ನೋಡಲೇಬೇಕು, ಆದರೆ ಅದು ಕಲಾಕೃತಿ. ನಕ್ಷೆ ಹೊಂದಿಸಲು ಸುತ್ತಲಿನ ಹಳೆಯ ಬೀದಿಗಳ ಮೂಲೆಗಳನ್ನೇ ಆಧಾರವಾಗಿಟ್ಟುಕೊಳ್ಳಿ, ಕನಿಷ್ಠ ಮೂರು ಮೂಲೆ. ಅಲ್ಲಿ ಈಗ ಜನ ವಾಸವಿರುವುದರಿಂದ ಕಾಲುದಾರಿಯಲ್ಲೇ ನಿಂತು ಚಿತ್ರ ತೆಗೆಯಿರಿ.