ಮಳೆಗಾಲದ ಫ್ಲೂ ಮತ್ತು ಶಿಲೀಂಧ್ರ ಸೋಂಕು: ಕೊಡಗಿನಲ್ಲಿ ದುರ್ಬಲ ರೋಗಿಗಳನ್ನು ನೋಡಿಕೊಳ್ಳುವವರಿಗೆ

ಕೊಡಗಿನಲ್ಲಿ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಗೋಡೆಗಳಿಗೆ ಬೂಷ್ಟು ಹತ್ತುತ್ತದೆ, ಬಟ್ಟೆಗಳು ಒಲೆಯ ಮೇಲಿನ ಗಳದಲ್ಲಿ ಹೊಗೆ ಕುಡಿಯುತ್ತ ಒಣಗುತ್ತವೆ, ಮನೆಮಂದಿಯೆಲ್ಲ ಕಿಟಕಿ ಮುಚ್ಚಿಕೊಂಡು ಬೆಚ್ಚಗಿರುವ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಉಸಿರಿನಿಂದ ಹರಡುವ ಫ್ಲೂ ವೈರಸ್ಸಿಗೂ ತೇವದಲ್ಲಿ ಬೆಳೆಯುವ ಶಿಲೀಂಧ್ರಕ್ಕೂ ಇದು ಹೇಳಿ ಮಾಡಿಸಿದ ಕಾಲ. ಗಟ್ಟಿಮುಟ್ಟಾದವರು ಒಂದು ವಾರ ನರಳಿ ಎದ್ದು ತೋಟಕ್ಕೆ ಹೋಗುತ್ತಾರೆ. ಅದೇ ಸೋಂಕು ಸಕ್ಕರೆ ಕಾಯಿಲೆ ಇರುವ ಅಜ್ಜನಿಗೆ, ಗರ್ಭಿಣಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ತಗುಲಿದರೆ ಅದರ ನಡೆಯೇ ಬೇರೆ. ಆದ್ದರಿಂದ ಜ್ವರ ಎಷ್ಟಿದೆ ಎಂದು ನೋಡುವ ಮೊದಲು ಜ್ವರ ಬಂದಿರುವುದು ಯಾರಿಗೆ ಎಂದು ನೋಡಬೇಕು. ಮನೆಯಲ್ಲಿ ಆರೈಕೆ ಮಾಡುವವರಿಗೂ ಆಶಾ ಕಾರ್ಯಕರ್ತೆಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯರಿಗೂ ನಾನು ಮೊದಲು ಹೇಳುವುದು ಇದನ್ನೇ.

65 ದಾಟಿದವರು, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ಹೆರಿಗೆಯಾಗಿ ಎರಡು ವಾರ ತುಂಬದ ಬಾಣಂತಿಯರು, ಉಬ್ಬಸ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು, ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು, ಮಧುಮೇಹಿಗಳು, ಎಚ್‌ಐವಿ ಇರುವವರು, ಅಂಗಕಸಿ ಮಾಡಿಸಿಕೊಂಡವರು ಈ ದುರ್ಬಲರ ಗುಂಪಿಗೆ ಸೇರುತ್ತಾರೆ. ಇವರ ಜೊತೆಗೆ ಯಾರೂ ಎಣಿಸದ ಇನ್ನೊಂದು ವರ್ಗವಿದೆ. ಗಂಟುನೋವಿಗೋ ದಮ್ಮಿಗೋ ತಿಂಗಳುಗಟ್ಟಲೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರಲ್ಲಿ ಬಹಳ ಮಂದಿಗೆ ಅದು ಸ್ಟೀರಾಯ್ಡ್ ಎಂಬುದೇ ಗೊತ್ತಿರುವುದಿಲ್ಲ. "ಯಾವ ಮಾತ್ರೆ ತಗೊಳ್ತೀರಿ?" ಎಂದು ಕೇಳಿದರೆ "ನೋವಿನ ಮಾತ್ರೆ" ಎನ್ನುತ್ತಾರೆ. ಹೆಸರು ಕೇಳುವುದನ್ನು ಬಿಟ್ಟು ಮಾತ್ರೆಯ ಹಾಳೆಯನ್ನೇ ತರಿಸಿ ಓದಿರಿ. ಆದರೆ ಅದು ಸ್ಟೀರಾಯ್ಡ್ ಎಂದು ತಿಳಿದ ಕೂಡಲೇ ನಿಲ್ಲಿಸಿಬಿಡಬೇಡಿ. ಬಹುಕಾಲ ತೆಗೆದುಕೊಂಡವರು ಹಠಾತ್ತನೆ ಬಿಟ್ಟರೆ, ಅದರಲ್ಲೂ ಸೋಂಕು ಇರುವಾಗ ಬಿಟ್ಟರೆ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಅದನ್ನು ಇಳಿಸುವ ಕ್ರಮವನ್ನು ವೈದ್ಯರೇ ನಿರ್ಧರಿಸಬೇಕು.

ಫ್ಲೂ ಸಾಮಾನ್ಯವಾಗಿ ಸೋಂಕು ತಗುಲಿದ 1ರಿಂದ 4 ದಿನಗಳೊಳಗೆ ಧಿಡೀರನೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ, ಮೈಕೈ ನೋವು, ಒಣಕೆಮ್ಮು, ತಲೆನೋವಿನಿಂದ ಮಲಗಿಬಿಡುತ್ತಾರೆ. ವಯಸ್ಸಾದವರಲ್ಲಿ ಈ ಚಿತ್ರ ಹೀಗೆ ಸ್ಪಷ್ಟವಾಗಿರುವುದಿಲ್ಲ. ಜ್ವರವೇ ಇಲ್ಲದಿರಬಹುದು. ಎರಡು ಹೊತ್ತು ಊಟ ಬಿಟ್ಟರು, ಮೊಮ್ಮಗನ ಹೆಸರು ತಪ್ಪಿ ಕರೆದರು, ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದರು ಎಂಬಷ್ಟೇ ಸುಳಿವು ಸಿಗಬಹುದು. ಮನೆಯವರು "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಡುವುದು ಇಂಥ ಸುಳಿವುಗಳನ್ನೇ. ಗದ್ದೆಯಲ್ಲಿ ನಾಟಿ ಮಾಡಿ ಬಂದವರಿಗೆ ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಇಲಿ ಜ್ವರವನ್ನೂ, ಮೈಮೇಲೆ ಕೆಂಪು ಚುಕ್ಕೆಗಳಿದ್ದರೆ ಡೆಂಗಿಯನ್ನೂ ನೆನಪಿನಲ್ಲಿಡಬೇಕು.

ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಜುಲೈ ತಿಂಗಳ ಒಂದು ಸಂಜೆ ತೋಟದ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ಅಜ್ಜಿಯ ಬೆರಳಿಗೆ ಅದನ್ನು ಹಾಕಿದಾಗ 86 ತೋರಿಸಿತು, ಜೊತೆಗಿದ್ದವರೆಲ್ಲ ಗಾಬರಿಯಾದರು. ಅಜ್ಜಿಯ ಕೈ ಮಂಜುಗಡ್ಡೆಯಂತಿತ್ತು. ಕಂಬಳಿಯೊಳಗೆ ಅವರ ಕೈಯನ್ನು ನನ್ನ ಎರಡು ಅಂಗೈಗಳ ನಡುವೆ ಐದು ನಿಮಿಷ ಹಿಡಿದು ಬೆಚ್ಚಗೆ ಮಾಡಿ, ಮತ್ತೆ ಹಾಕಿ ಒಂದು ನಿಮಿಷ ಕಾದಾಗ 95ಕ್ಕೆ ನಿಂತಿತು. ಕೈ ಬೆಚ್ಚಗಾದ ಮೇಲೂ ಶೇ 94ಕ್ಕಿಂತ ಕಡಿಮೆ ಇದ್ದರೆ ಅದನ್ನು ನಂಬಿ ಹೊರಡಬೇಕು. ಯಂತ್ರ ಇಲ್ಲದಿದ್ದರೆ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಿರಿ. ವಯಸ್ಕರಲ್ಲಿ 24 ದಾಟಿದರೆ, ಒಂದರಿಂದ ಐದು ವರ್ಷದ ಮಕ್ಕಳಲ್ಲಿ 40 ಮುಟ್ಟಿದರೆ, ಎರಡರಿಂದ ಹನ್ನೆರಡು ತಿಂಗಳ ಕೂಸಿನಲ್ಲಿ 50 ಮುಟ್ಟಿದರೆ ಅದು ವೇಗದ ಉಸಿರಾಟ.

ನಮ್ಮ ದೇಶದ ಮಾರ್ಗಸೂಚಿಯು ಫ್ಲೂ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಾಧಾರಣ ನೆಗಡಿ ಜ್ವರ ಎ ವರ್ಗಕ್ಕೆ ಸೇರುತ್ತದೆ. ಅಷ್ಟೇ ಸಾಧಾರಣ ಲಕ್ಷಣ ದುರ್ಬಲ ಗುಂಪಿನವರಲ್ಲಿ ಕಂಡರೆ ಅದು ಬಿ ವರ್ಗವಾಗುತ್ತದೆ ಮತ್ತು ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಔಷಧಿ ಕೊಡಬೇಕಾಗುತ್ತದೆ. ಉಸಿರುಗಟ್ಟುವಿಕೆ, ಎದೆನೋವು, ಮಂಪರು, ರಕ್ತದೊತ್ತಡ ಇಳಿಕೆ, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಸಿ ವರ್ಗದ ಲಕ್ಷಣಗಳು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಒಸೆಲ್ಟಾಮಿವಿರ್‌ನ ಪ್ರಮಾಣ ವಯಸ್ಕರಿಗೆ 75 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಐದು ದಿನ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕು, ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಗರ್ಭಿಣಿಯರಿಗೂ ಕೊಡಬಹುದು. ಇದು ವೈದ್ಯರ ಚೀಟಿಯ ಮೇಲೆ ತೆಗೆದುಕೊಳ್ಳಬೇಕಾದ ಔಷಧಿ. ಲಕ್ಷಣ ಶುರುವಾದ 48 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ತೀವ್ರವಾಗಿ ಬಳಲುತ್ತಿರುವವರಿಗೆ ತಡವಾದರೂ ಕೊಡುವುದು ಸರಿ. ಪರೀಕ್ಷೆಯ ವರದಿಗಾಗಿ ಕಾಯುವುದು ಮಾತ್ರ ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಹಳೆಯ ದಮ್ಮಿನ ರೋಗಿಯೊಬ್ಬರಿಗೆ ರ್‍ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂತೆಂದು ಸಮಾಧಾನಪಟ್ಟು ಕಳುಹಿಸಿದೆ. ಮೂರನೆಯ ರಾತ್ರಿ ಅವರು ಏದುಸಿರು ಬಿಡುತ್ತ ವಾಪಸು ಬಂದರು. ಆರ್‌ಟಿ-ಪಿಸಿಆರ್ ಪಾಸಿಟಿವ್ ಇತ್ತು. ಅವರು ಉಳಿದರು, ಆದರೆ ಆ ಎರಡು ದಿನಗಳನ್ನು ಕಳೆದದ್ದು ನಾನು. ರ್‍ಯಾಪಿಡ್ ಪರೀಕ್ಷೆ ಹಲವು ಸೋಂಕುಗಳನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ದುರ್ಬಲ ರೋಗಿಯಲ್ಲಿ ನೆಗೆಟಿವ್ ಬಂದ ಮಾತ್ರಕ್ಕೆ ಔಷಧಿ ತಡೆಯಬಾರದು.

ಮನೆಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಗಂಜಿ, ಬಿಸಿನೀರು ಆಗಾಗ ಕೊಡಿ, ಆದರೆ ಹೃದಯ ಅಥವಾ ಮೂತ್ರಪಿಂಡದ ರೋಗಿಗೆ ವೈದ್ಯರು ಹೇಳಿದ ನೀರಿನ ಮಿತಿಯನ್ನು ಮೀರಬೇಡಿ. ರೋಗಿಯ ಕೋಣೆಯಲ್ಲಿ ಎರಚಲು ಬೀಳದ ಕಡೆಯ ಕಿಟಕಿಯನ್ನಾದರೂ ತೆರೆದಿಡಿ, ನೋಡಿಕೊಳ್ಳುವವರು ಮಾಸ್ಕ್ ಹಾಕಿಕೊಳ್ಳಿ.

ನಾಲ್ಕೈದು ದಿನಕ್ಕೆ ಜ್ವರ ಇಳಿದು, ಎರಡು ದಿನ ಬಿಟ್ಟು ಮತ್ತೆ ಏರಿ, ಕಫ ಹಳದಿಯಾದರೆ ಅದು ಬ್ಯಾಕ್ಟೀರಿಯಾ ನ್ಯುಮೋನಿಯಾದ ಸೂಚನೆ. ಈಗ ಆಂಟಿಬಯೋಟಿಕ್ ಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಶಿಲೀಂಧ್ರದ ಕಡೆಗೆ ಯೋಚನೆ ಹರಿಯಬೇಕು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ತೀವ್ರ ನಿಗಾ ಘಟಕಗಳಲ್ಲಿ ಫ್ಲೂನಿಂದ ಸೇರಿದ್ದ 432 ಮಂದಿಯ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 83 ಜನರಿಗೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಸೋಂಕು ಕಂಡುಬಂದಿತ್ತು. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಕೆಡಿಸುವುದರಿಂದ, ನಾವೆಲ್ಲರೂ ದಿನವೂ ಉಸಿರಾಡಿ ಹೊರಹಾಕುವ ಬೂಷ್ಟಿನ ಬೀಜಕಣಗಳು ಅಲ್ಲಿ ಬೇರು ಬಿಡುತ್ತವೆ. ಇದನ್ನು ಖಚಿತಪಡಿಸಿಕೊಳ್ಳಲು ಸಿಟಿ ಸ್ಕ್ಯಾನ್ ಜೊತೆಗೆ ಶ್ವಾಸನಾಳದಿಂದ ತೊಳೆದು ತೆಗೆದ ದ್ರವದಲ್ಲಿ ಈ ಶಿಲೀಂಧ್ರದ ಅಂಶವನ್ನು ಹುಡುಕುವ ಗ್ಯಾಲಕ್ಟೊಮನ್ನನ್ ಪರೀಕ್ಷೆ ಮಾಡಿಸಬೇಕು. ಕಫದ ವರದಿಯಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ಹೆಸರು ಬಂದರೆ ಅದು ಹೆಚ್ಚಾಗಿ ಬಾಯಿಯಿಂದ ಸೇರಿದ್ದು, ಅದಕ್ಕೆಂದೇ ನ್ಯುಮೋನಿಯಾ ಚಿಕಿತ್ಸೆ ಬೇಕಿಲ್ಲ. ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಮುಖ್ಯ ಔಷಧಿ. ಹಿಂದೆ ಟಿಬಿ ವಾಸಿಯಾದವರು ತಿಂಗಳುಗಟ್ಟಲೆ ಕೆಮ್ಮಿ, ತೂಕ ಇಳಿದು, ಕಫದಲ್ಲಿ ರಕ್ತ ಕಂಡರೆ, ಟಿಬಿ ಮರುಕಳಿಸಿದೆಯೇ ಎಂದು ಪರೀಕ್ಷಿಸುವಾಗ ಹಳೆಯ ಕುಳಿಯಲ್ಲಿ ಈ ಶಿಲೀಂಧ್ರ ಸೇರಿಕೊಂಡಿದೆಯೇ ಎಂದೂ ನೋಡಿಸಬೇಕು. ಇದನ್ನು ಬಹಳ ಸಲ ಮರೆಯುತ್ತೇವೆ.

ಸಕ್ಕರೆ ಹತೋಟಿ ತಪ್ಪಿದವರಲ್ಲಿ ಕೆನ್ನೆಯ ಒಂದೇ ಬದಿ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಸ್ರಾವ, ರೆಪ್ಪೆ ಜೋತುಬೀಳುವುದು, ಅಂಗುಳ ಕಪ್ಪಾಗುವುದು ಕಂಡರೆ ಅದು 2021ರಲ್ಲಿ ಎಲ್ಲರೂ ಹೆಸರು ಕೇಳಿದ ಕಪ್ಪು ಶಿಲೀಂಧ್ರ, ಅಂದರೆ ಮ್ಯುಕೋರ್ಮೈಕೋಸಿಸ್ ಆಗಿರಬಹುದು. ಇದಕ್ಕೆ ವೊರಿಕೊನಜೋಲ್ ನಾಟುವುದಿಲ್ಲ. ಆಂಫೊಟೆರಿಸಿನ್ ಬಿ, ಶಸ್ತ್ರಚಿಕಿತ್ಸೆ, ಸಕ್ಕರೆ ನಿಯಂತ್ರಣ ಮೂರೂ ಒಟ್ಟಿಗೆ ನಡೆಯಬೇಕು. ಎಚ್‌ಐವಿ ಇರುವವರಿಗೆ ದಿನೇ ದಿನೇ ಹೆಚ್ಚುವ ತಲೆನೋವು ಬಂದರೆ ಮಿದುಳಿನ ಪೊರೆಗೆ ತಗುಲುವ ಶಿಲೀಂಧ್ರವಾದ ಕ್ರಿಪ್ಟೊಕಾಕಸ್‌ನ ಪರೀಕ್ಷೆ ಆಗಲೇಬೇಕು.

ದಿನನಿತ್ಯ ಕಾಣುವುದು ಇಷ್ಟು ಭಯಂಕರವಲ್ಲ. ಇನ್ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸದವರ, ಹಲ್ಲುಸೆಟ್ಟು ತೆಗೆಯದೆ ಮಲಗುವವರ ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಟ್ಟುತ್ತದೆ. ಇದು ಕ್ಯಾಂಡಿಡಾ ಸೋಂಕು. ಇದಕ್ಕೆ ಶಿಲೀಂಧ್ರದ ಔಷಧಿಯಾದ ಫ್ಲುಕೊನಜೋಲ್ ಕೊಡುವಾಗ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿರಿ, ಏಕೆಂದರೆ ಎರಡೂ ಸೇರಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ತೊಡೆಸಂದಿಯ ಗಜಕರ್ಣಕ್ಕೆ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಂತು, ಮೂರನೆಯ ವಾರ ಹೊಟ್ಟೆಯವರೆಗೆ ಹರಡಿರುತ್ತದೆ. ಸಂದೇಹವಿದ್ದರೆ ಕಲೆಯ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಮೇಲೆ ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮದ ಕೋಶಗಳು ಕರಗಿ ತಿಳಿಯಾಗಿ, ಕವಲೊಡೆದ ಎಳೆಗಳು ಅವುಗಳ ನಡುವೆ ಹಾದುಹೋಗಿರುವುದು ಕಾಣುತ್ತದೆ. ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಗಮ್‌ಬೂಟಿನಲ್ಲಿ ದಿನವಿಡೀ ನೆನೆದ ಬೆರಳ ಸಂದಿ ಬಿರಿದರೆ, ಆ ಬಿರುಕಿನಿಂದಲೇ ಬ್ಯಾಕ್ಟೀರಿಯಾ ಒಳಹೊಕ್ಕು ಮಧುಮೇಹಿಯ ಕಾಲು ಊದಿಕೊಳ್ಳುತ್ತದೆ. ಸಂಜೆ ಬೂಟು ಕಳಚಿದ ಕೂಡಲೇ ಪ್ರತಿ ಸಂದಿಯನ್ನೂ ಒಣಬಟ್ಟೆಯಿಂದ ಒರೆಸಬೇಕು.

ಫ್ಲೂ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕು, ಅದರ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಹಾಗಾಗಿ ಮೇ ತಿಂಗಳಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ರೋಗಿಯನ್ನು ಮಡಿಕೇರಿಗೋ ಅಲ್ಲಿಂದ ಮುಂದೆ ಮೈಸೂರು, ಮಂಗಳೂರಿಗೋ ಕರೆದೊಯ್ಯಬೇಕೆಂಬ ಅನುಮಾನ ಬಂದರೆ ಹಗಲಿರುವಾಗಲೇ ತೀರ್ಮಾನಿಸಿರಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ರಸ್ತೆ ಕುಸಿದದ್ದನ್ನು ಕಂಡವರು ನಾವು, ರಾತ್ರಿ ಮಳೆ ಬಿಡುತ್ತದೆಂದು ನೆಚ್ಚಿಕೊಂಡು ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಹೊರಡುವಾಗ ಜ್ವರ ಶುರುವಾದ ದಿನ ಮತ್ತು ಹೊತ್ತು, ಮೊದಲ ಒಸೆಲ್ಟಾಮಿವಿರ್ ಕೊಟ್ಟ ಗಂಟೆ, ಕೊನೆಯ ಆಕ್ಸಿಮೀಟರ್ ಅಂಕೆ ಮತ್ತು ಸಕ್ಕರೆಯ ಅಂಕೆಯನ್ನು ಒಂದು ಚೀಟಿಯಲ್ಲಿ ಬರೆದು, ಖಾಲಿಯಾದ ಮಾತ್ರೆ ಹಾಳೆಗಳನ್ನೂ ಸೇರಿಸಿ, ರೋಗಿಯ ಜೊತೆ ಹೋಗುವವರ ಜೇಬಿಗೆ ಹಾಕಿರಿ.