ವೈಟೊಮೊದ ಹೊಳೆಯುವ ಹುಳುಗಳ ಗುಹೆಗೆ ಹೋಗುವವರಿಗೆ

ದಸರಾ ರಜೆಯಲ್ಲಿ ಮೈಸೂರಿನಿಂದ ನ್ಯೂಜಿಲೆಂಡಿಗೆ ಹೊರಡುವವರು, ಆಕ್ಲೆಂಡಿನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿರುವ ವೈಟೊಮೊ ಗುಹೆಯ ಟಿಕೆಟ್ಟನ್ನು ಇಲ್ಲಿಂದಲೇ ಕಾಯ್ದಿರಿಸುವುದು ಒಳ್ಳೆಯದು. ಮಾರ್ಗದರ್ಶಕರೊಂದಿಗಿನ ಭೇಟಿ ಸುಮಾರು 45 ನಿಮಿಷಗಳದು.

ಅಲ್ಲಿ ಹೊಳೆಯುವುದು ನಮ್ಮ ಮಂಡ್ಯದ ಗದ್ದೆಬದಿಯ ಮಿಂಚುಹುಳುವಲ್ಲ, ಅರಾಕ್ನೊಕ್ಯಾಂಪಾ ಲುಮಿನೋಸಾ ಎಂಬ ಸಣ್ಣ ಕೀಟದ ಮರಿಹುಳು. ಅದು ಚಾವಣಿಯಿಂದ ಅಂಟುಹನಿಗಳುಳ್ಳ ರೇಷ್ಮೆಯಂಥ ಎಳೆಗಳನ್ನು ಇಳಿಬಿಟ್ಟು, ತನ್ನ ನೀಲಿಹಸಿರು ಬೆಳಕಿಗೆ ಸೆಳೆಯಲ್ಪಟ್ಟು ಬರುವ ಹಾರುಕೀಟಗಳನ್ನು ಹಿಡಿದು ತಿನ್ನುತ್ತದೆ. ಗದ್ದಲಕ್ಕೂ ಟಾರ್ಚಿಗೂ ಈ ಬೆಳಕು ಕುಗ್ಗುವುದರಿಂದ, ಗುಹೆಯೊಳಗಿನ ಹೊಳೆಯಲ್ಲಿ ಸಾಗುವ ದೋಣಿಯಲ್ಲಿ ಮಾತನಾಡಬಾರದೆಂದೂ ಒಳಗೆ ಫೋಟೊ ತೆಗೆಯುವಂತಿಲ್ಲವೆಂದೂ ಮಕ್ಕಳಿಗೆ ಮೊದಲೇ ತಿಳಿಸಿರಿ. ಇದು ಆ ಜೀವಿಗಳಿಗೆ ನಾವು ಸಲ್ಲಿಸಲೇಬೇಕಾದ ಮರ್ಯಾದೆ. ಒಳಗೆ ತಂಪಿದ್ದು ಮೆಟ್ಟಿಲುಗಳು ಒದ್ದೆಯಾಗಿರುವುದರಿಂದ ಸ್ವೆಟರ್ ಮತ್ತು ಜಾರದ ಶೂ ಧರಿಸಿರಿ.